ಪಂಪ್‌ಶೆಡ್ಡಿನಲ್ಲೊಂದು ಅನಾಥ ಕೋಡು

ಹೋದ ಬೇಸಿಗೆಯಲ್ಲಿ ನ್ಯಾಮತಿ ಹತ್ತಿರದ ನಮ್ಮ ಸೋದರಮಾವ ಮತ್ತೆ ಟಾರ್ಚ್ ಹಿಡಿದು ನಡುರಾತ್ರಿ ಅಡಿಕೆ ತೋಟಕ್ಕೆ ಹೋಗತೊಡಗಿದರು. ಮೊಬೈಲ್ ಸ್ಟಾರ್ಟರ್ ಹಾಕಿಸಿದ ಮೇಲೆ ಅವರು ಆ ಪಾಡು ಮರೆತೇಬಿಟ್ಟಿದ್ದರು. ತ್ರೀಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದರೂ ಮಲಗಿದಲ್ಲಿಂದ ಒಂದು ರಿಂಗ್ ಕೊಟ್ಟರೆ ಮೋಟರ್ ಚಾಲೂ ಆಗುತ್ತಿತ್ತು. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರಿಳಿದು ಮೋಟರ್ ಒಣಗಿ ಓಡತೊಡಗಿದರೆ ಪೆಟ್ಟಿಗೆ ತಾನೇ ಬಂದ್ ಮಾಡುತ್ತಿತ್ತು. ಈ ಸಲ ರೀಚಾರ್ಜ್ ಮಾಡದೆ ಮಾವನ ಹಳೆಯ ಸಿಮ್ ರದ್ದಾಗಿ ಹೊಸ ನಂಬರ್ ಬಂದಿತ್ತು. ಕೈಪಿಡಿಯಲ್ಲಿ ಹೇಳಿದಂತೆ ಎಸ್ಸೆಮ್ಮೆಸ್ ಕಳಿಸಿ ಹೊಸ ನಂಬರ್ ನೋಂದಾಯಿಸಲು ಹೋದರೆ ಪ್ರತಿ ಸಲವೂ ‘ತಪ್ಪು ನಂಬರ್’ ಎಂಬ ಒಂದೇ ಉತ್ತರ.

ಪೆಟ್ಟಿಗೆ ಬಿಚ್ಚಿಕೊಂಡು ಹೊನ್ನಾಳಿಯಲ್ಲಿ ಮೋಟರ್ ರಿವೈಂಡಿಂಗ್ ಮಾಡುವವರೊಬ್ಬರ ಅಂಗಡಿಗೆ ಹೋದೆವು. ಅವರು ರಿಲೇ ನೋಡಿದರು, ಕೆಪಾಸಿಟರ್ ನೋಡಿದರು, ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿ ವೋಲ್ಟೇಜ್ ನೋಡಿದರು. “ಬೋರ್ಡ್ ಚಲೋ ಐತಿ ಸರ್. ಒಳಗ ಬರೆದಿದ್ದು ನಮ್ ಕೈಗೆ ಸಿಗಂಗಿಲ್ಲ” ಅಂದರು. ಅಂಗಡಿಯಲ್ಲಿದ್ದವರ ಫೋನುಗಳಿಂದೆಲ್ಲ ಪ್ರಯತ್ನಿಸಿದಾಗ ಗುಟ್ಟು ಬಯಲಾಯಿತು. 9, 8, 7ರಿಂದ ಶುರುವಾಗುವ ನಂಬರುಗಳನ್ನು ಪೆಟ್ಟಿಗೆ ತಕ್ಷಣ ಒಪ್ಪುತ್ತಿತ್ತು. ಮಾವನ ಹೊಸ ನಂಬರ್ ಶುರುವಾಗುವುದು 6ರಿಂದ. ನಮ್ಮಲ್ಲಿ 6ರ ಸರಣಿಯ ಮೊಬೈಲ್ ನಂಬರುಗಳು ಚಾಲ್ತಿಗೆ ಬರುವ ಮೊದಲು ಯಾರೋ ಬರೆದಿಟ್ಟ ಒಂದು ಸಾಲು ಅದನ್ನು ತಡೆಯುತ್ತಿತ್ತು. ಬಲ್ಲವರಿಗೆ ತಿದ್ದಲು ಐದು ನಿಮಿಷದ ಕೆಲಸ. ಆದರೆ ಆ ಸಾಲಿದ್ದ ಮೂಲ ಕಡತ ತಯಾರಕರ ಬಳಿ ಇತ್ತು, ತಯಾರಕರು ವ್ಯವಹಾರ ಮುಚ್ಚಿ ಹೋಗಿದ್ದರು. ಚಿಪ್ಪಿನಲ್ಲಿದ್ದ ಪ್ರತಿಯನ್ನು ಯಾರೂ ಓದಿಕೊಳ್ಳದಂತೆ ಕಾರ್ಖಾನೆಯಲ್ಲೇ ಬೀಗ ಬಿದ್ದಿತ್ತು.

ಮಾವನದು ಸಣ್ಣ ತಾಪತ್ರಯ. ಅದರ ಹಿಂದಿನ ಕಾರಣ ಮಾತ್ರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಎಷ್ಟೋ ಗೋಡೆಗಳ ಮೇಲೆ, ಕಂಬಗಳ ಮೇಲೆ ತೂಗುತ್ತಿದೆ.

ಒಂದೇ ಕೆಲಸಕ್ಕೆಂದು ಮಾಡಿದ ಯಂತ್ರದ ಚಿಪ್ಪಿನಲ್ಲಿ ಕೂರಿಸಿದ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಪರದೆ, ಕೀಲಿಮಣೆ ಅದಕ್ಕೆ ಬೇಕಿಲ್ಲ. ಕರೆಂಟ್ ಬಂದ ಕ್ಷಣ ಓಡತೊಡಗಿ, ಹೋಗುವವರೆಗೂ ಓಡುತ್ತದೆ. ಇಂಥ ಚಿಪ್ಪು ಅಡಗಿರುವ ಯಂತ್ರಗಳಿಗೆ ಎಂಬೆಡೆಡ್ ಸಾಧನಗಳೆಂದು ಹೆಸರು. ತೋಟದ ಮೊಬೈಲ್ ಸ್ಟಾರ್ಟರ್, ಅಡಿಕೆ ಒಣಗಿಸುವ ಕಣದ ಸಿಸಿ ಕ್ಯಾಮೆರಾ, ಮನೆಯ ವೈಫೈ ರೂಟರ್, ಡೇರಿಯಲ್ಲಿ ಹಾಲಿನ ತೂಕ ಮತ್ತು ಫ್ಯಾಟ್ ತೋರಿಸುವ ಯಂತ್ರ, ಸೋಲಾರ್ ಪಂಪಿನ ನಿಯಂತ್ರಕ, ಸ್ಮಾರ್ಟ್ ಮೀಟರ್, ಮಳೆಮಾಪಕ, ಎಲ್ಲವೂ ಇದೇ ಜಾತಿಯವು. ಫೋನಿನ ತಂತ್ರಾಂಶ ಹಳತಾದರೆ ಪರದೆಯ ಮೇಲೆ ಒಂದು ಸೂಚನೆ ಬರುತ್ತದೆ, ಒತ್ತಿದರೆ ಹೊಸದಾಗುತ್ತದೆ. ಪಂಪ್‌ಶೆಡ್ಡಿನ ಪೆಟ್ಟಿಗೆಗೆ ಹೇಳಿಕೊಳ್ಳಲು ಬಾಯಿಲ್ಲ.

ಇಂಥ ಪ್ರತಿ ಯಂತ್ರಕ್ಕೂ ಮೂರು ಆಯುಷ್ಯಗಳಿವೆ. ಕಷ್ಟ ಶುರುವಾಗುವುದು ಅವು ಒಂದಕ್ಕೊಂದು ಹೊಂದದೆ ಹೋದಾಗ.

ಮೊದಲನೆಯದು ಪೆಟ್ಟಿಗೆಯ ಆಯುಷ್ಯ. ಒಳ್ಳೆಯ ಸ್ಟಾರ್ಟರ್ ಇಲಿ, ಇರುವೆ, ಸಿಡಿಲುಗಳಿಂದ ಉಳಿದರೆ ಹತ್ತು ವರ್ಷ ಬಾಳುತ್ತದೆ. ಮೀಟರುಗಳಿಂದ ನಾವು ನಿರೀಕ್ಷಿಸುವುದೂ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು. ಎರಡನೆಯದು ಕೋಡಿನ ಆಯುಷ್ಯ, ಅಂದರೆ ಅದರಲ್ಲಿ ಕಂಡ ತಪ್ಪನ್ನು ಯಾರಾದರೂ ತಿದ್ದಿಕೊಡುವ ಅವಧಿ. ಇದರ ಅಂಕಿಗಳು ಪ್ರಕಟವಾಗಿಯೇ ಇವೆ. ಅಗ್ಗದ ವೈಫೈ ಸಾಧನಗಳಲ್ಲಿ ಎಲ್ಲೆಲ್ಲೂ ಕಾಣುವ ಇಎಸ್‌ಪಿ32 ಚಿಪ್ಪಿನ ತಯಾರಕರು ತಮ್ಮ ತಂತ್ರಾಂಶ ಚೌಕಟ್ಟಿನ ಪ್ರತಿ ಆವೃತ್ತಿಯನ್ನು 30 ತಿಂಗಳು ನೋಡಿಕೊಳ್ಳುತ್ತಾರೆ. ಸಣ್ಣ ಚಿಪ್ಪುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಫ್ರೀಆರ್‌ಟಿಒಎಸ್‌ನ ದೀರ್ಘಾವಧಿ ಆವೃತ್ತಿಗೆ ಸಿಗುವ ಭರವಸೆ ಎರಡು ವರ್ಷದ್ದು. ರೂಟರ್, ಕ್ಯಾಮೆರಾಗಳಲ್ಲಿರುವ ಲಿನಕ್ಸ್ ಕರ್ನಲ್‌ನ ದೀರ್ಘಾವಧಿ ಆವೃತ್ತಿಗಳಿಗೆ ಆರು ವರ್ಷದ ಬೆಂಬಲವಿತ್ತು. ಅದನ್ನು ಎರಡು ವರ್ಷಕ್ಕೆ ಇಳಿಸುವ ನಿರ್ಧಾರ 2023ರ ಸೆಪ್ಟೆಂಬರಿನಲ್ಲಿ ಹೊರಬಿತ್ತು. ಹಳೆಯ ಆವೃತ್ತಿ ಬಳಸುವವರು ಕಡಿಮೆ, ನೋಡಿಕೊಳ್ಳುವವರು ದಣಿದಿದ್ದಾರೆ ಎಂಬುದು ಕಾರಣ. ಹತ್ತು ವರ್ಷದ ಪೆಟ್ಟಿಗೆಯಲ್ಲಿ ಎರಡೂವರೆ ವರ್ಷದ ಕೋಡು ಕೂತರೆ ಉಳಿದ ಏಳೂವರೆ ವರ್ಷ ಅದಕ್ಕೆ ವಾರಸುದಾರರಿಲ್ಲ. ತಯಾರಕರು ಮುಂದಿನ ಆವೃತ್ತಿಗೆ ದಾಟಿಸಿಕೊಂಡರೆ ಮಾತು ಬೇರೆ. ಆದರೆ ಮಾರಿ ಮುಗಿದ ಮಾಲಿಗೆ ಮತ್ತೆ ಖರ್ಚು ಮಾಡಲು ಅವರಿಗೆ ವ್ಯಾಪಾರದ ಕಾರಣವೇನೂ ಇಲ್ಲ.

ಮೂರನೆಯದು ಗಾಳಿಯಲ್ಲಿ ಸಾಗುವ ಸಂಕೇತದ ಆಯುಷ್ಯ. ಮೊಬೈಲ್ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿ ರೇಡಿಯೋವನ್ನೇ ನಂಬಿವೆ, ಚಿಪ್ಪು ಅಗ್ಗ ಎಂಬ ಒಂದೇ ಕಾರಣಕ್ಕೆ. ಜಿಯೋ ಜಾಲದಲ್ಲಿ 2ಜಿ ಹುಟ್ಟಿನಿಂದಲೇ ಇಲ್ಲ. ಏರ್‌ಟೆಲ್ 2020ರಲ್ಲಿ ತನ್ನ 3ಜಿ ಮುಚ್ಚಿತು. 2ಜಿ ಇನ್ನೂ ಉಸಿರಾಡುತ್ತಿದೆಯಾದರೂ ಅದನ್ನು ಮುಚ್ಚಬೇಕೆಂಬ ವಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಮುಂದೆ ಈಗಾಗಲೇ ಮಂಡನೆಯಾಗಿದೆ.

ಹಾಗಾದರೆ ಕೋಡು ಹಳತಾದರೆ ಆಗುವುದೇನು? ಮಾವನಂತೆ ಟಾರ್ಚ್ ಹಿಡಿದು ಹೋದರಾಯಿತಲ್ಲ, ಎಂದು ಕೇಳಬಹುದು. ಇದಕ್ಕೆ ಒಂದು ಟ್ರಾನ್ಸ್‌ಫಾರ್ಮರಿನ, ನಮ್ಮ ಮಾತಿನಲ್ಲಿ ಟಿಸಿಯ, ಲೆಕ್ಕ ಹಾಕಿ ನೋಡೋಣ.

ಹೊಲದಂಚಿನ 25 ಕೆವಿಎ ಟಿಸಿಯ ತಾಕತ್ತು ಪ್ರತಿ ಫೇಸಿಗೆ ಸುಮಾರು 33 ಆಂಪಿಯರ್. ಐದು ಎಚ್‌ಪಿಯ ಮೋಟರ್ ಓಡುವಾಗ ಸುಮಾರು 8 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಮೋಟರಿಗೆ 32, ಟಿಸಿ ಹೇಗೋ ತಡೆಯುತ್ತದೆ. ಆದರೆ ನೇರವಾಗಿ ಚಾಲೂ ಆಗುವ ಮೋಟರ್ ಆ ಮೊದಲ ಕ್ಷಣಗಳಲ್ಲಿ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನಿಂತ ಗಾಡಿಯನ್ನು ಎಳೆದು ಹೊರಡಿಸಲು ಎತ್ತು ಮೊದಲು ಹೆಚ್ಚು ಬಲ ಹಾಕಿದ ಹಾಗೆ. ನಾಲ್ಕೂ ಮೋಟರ್ ಒಂದೇ ಕ್ಷಣಕ್ಕೆ ಎದ್ದರೆ ಬೇಡಿಕೆ 190 ಆಂಪಿಯರಿನ ಆಸುಪಾಸು, ಅಂದರೆ ತಾಕತ್ತಿನ ಐದು ಪಟ್ಟಿಗೂ ಮೇಲು. ಒಂದಾದ ಮೇಲೊಂದು ಎದ್ದರೆ ಅತಿ ಹೆಚ್ಚಿನ ಬೇಡಿಕೆ ಬರುವುದು ಕೊನೆಯ ಮೋಟರ್ ಏಳುವಾಗ: ಓಡುತ್ತಿರುವ ಮೂರಕ್ಕೆ 24, ಏಳುತ್ತಿರುವ ಒಂದಕ್ಕೆ 48, ಒಟ್ಟು 72. ಅದೇ ಟಿಸಿ, ಅದೇ ಮೋಟರು, ವ್ಯತ್ಯಾಸ ಬರೀ ಸಮಯದ್ದು.

ಆ ಸಮಯವನ್ನು ಹಂಚುವುದು ಫರ್ಮ್‌ವೇರಿನ ಒಂದು ಸಾಲು. ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರಿನಲ್ಲಿ ‘ಇಷ್ಟು ಸೆಕೆಂಡ್ ಕಾದು ಚಾಲೂ ಮಾಡು’ ಎಂಬ ವಿಳಂಬ ಇರುತ್ತದೆ. ಕಾರ್ಖಾನೆಯಿಂದ ಬಂದ ಅಂಕಿಯನ್ನು ಯಾರೂ ಬದಲಿಸದಿದ್ದರೆ ಒಂದೇ ಮಾದರಿಯ ಪೆಟ್ಟಿಗೆಗಳೆಲ್ಲ ಒಂದೇ ಸೆಕೆಂಡಿಗೆ ಏಳುತ್ತವೆ. ಫೀಡರಿಗೆ ಕರೆಂಟ್ ಬಿಟ್ಟಾಗ ಟಿಸಿ ಫ್ಯೂಸ್ ಹಾರುವುದರ, ಆಯಿಲ್ ಕುದಿದು ಟಿಸಿ ಸುಡುವುದರ ಹಿಂದೆ ಈ ಒಗ್ಗಟ್ಟಿನದೂ ಒಂದು ಪಾಲಿದೆ. ವಿದ್ಯುತ್ ಕಂಪನಿಯವರು ಆಟೋ ಸ್ಟಾರ್ಟರ್ ಬೇಡವೆನ್ನುವುದು ಸುಮ್ಮನೆ ಅಲ್ಲ. ತೆಲಂಗಾಣದಲ್ಲಿ 2018ರ ಜನವರಿಯಿಂದ ಕೃಷಿಗೆ ದಿನವಿಡೀ ಕರೆಂಟ್ ಕೊಡುವ ಮುನ್ನ ಸರ್ಕಾರ ಆಟೋ ಸ್ಟಾರ್ಟರುಗಳನ್ನು ತೆಗೆಸಲು ಆಂದೋಲನವನ್ನೇ ನಡೆಸಿತು. ಅಲ್ಲಿನ ಚಿಂತೆ ಅಂತರ್ಜಲದ್ದು: ತಾನೇ ಏಳುವ ಮೋಟರ್ ಬೇಕಿಲ್ಲದಾಗಲೂ ನೀರೆತ್ತುತ್ತದೆ. ಜಗಳೂರಿನ ಬೋರುಗಳಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ವಿಳಂಬದ ಜಾಗಕ್ಕೆ ಪೆಟ್ಟಿಗೆಗೊಂದರಂತೆ ಬೇರೆ ಬೇರೆ ಅಂಕಿ ತಾನೇ ಹೊಳೆಯುವಂತೆ ಮಾಡಿದರೆ ಈ ರೋಗ ಬಹುಮಟ್ಟಿಗೆ ವಾಸಿ. ಕೋಡು ತೆರೆದಿದ್ದರೆ ದಾವಣಗೆರೆಯ ಯಾವ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯಾದರೂ ಬರೆದುಕೊಟ್ಟಾಳು. ಮುಚ್ಚಿದ್ದರೆ, ಟಿಸಿ ಸುಟ್ಟ ಮೇಲೆ ಹೊಸ ಟಿಸಿಗೆ ಕಾಯುವ ಸರದಿ.

ಇಷ್ಟರವರೆಗೆ ಹೇಳಿದ್ದು ಯಾರ ಕೇಡಿನ ಉದ್ದೇಶವೂ ಇಲ್ಲದೆ ಆಗುವ ಕೆಡುಕು. ಉದ್ದೇಶವಿದ್ದರೆ ಏನಾಗಬಹುದು ಎಂಬುದಕ್ಕೆ 2016ರ ಮಿರಾಯ್ ಪ್ರಕರಣ ಸಾಕ್ಷಿ. ಅಮೆರಿಕದ ಕೆಲವು ಯುವಕರು ಬರೆದ ಆ ಪುಟ್ಟ ಪ್ರೋಗ್ರಾಂ ಇಂಟರ್‌ನೆಟ್ಟಿನಲ್ಲಿ ತೆರೆದುಕೊಂಡಿದ್ದ ಕ್ಯಾಮೆರಾ, ರೂಟರುಗಳ ಬಾಗಿಲು ತಟ್ಟಿ, ಕಾರ್ಖಾನೆಯಲ್ಲಿ ಇಟ್ಟ ಅರುವತ್ತು ಚಿಲ್ಲರೆ ಬಳಕೆದಾರ ಹೆಸರು, ಪಾಸ್‌ವರ್ಡುಗಳನ್ನು ಒಂದೊಂದಾಗಿ ಹೇಳಿ ನೋಡುತ್ತಿತ್ತು. ಅಷ್ಟೇ ಅದರ ಜಾಣತನ. ಅದು ಸೆಳೆದುಕೊಂಡ ಸಾಧನಗಳು ಉತ್ತುಂಗದಲ್ಲಿ ಆರು ಲಕ್ಷ. ಅದೇ ವರ್ಷ ಅಕ್ಟೋಬರ್ 21ರಂದು ಅವುಗಳ ಹೊಡೆತಕ್ಕೆ ಡೈನ್ ಎಂಬ ಸಂಸ್ಥೆಯ ಸೇವೆ ಕುಸಿದು, ಅಮೆರಿಕದಲ್ಲಿ ಹಲವು ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ. ಕ್ಯಾಮೆರಾದ ಮಾಲೀಕರಿಗೆ ಏನೂ ತಿಳಿದಿರಲಿಲ್ಲ. ಅವರ ಕ್ಯಾಮೆರಾ ಚಿತ್ರ ತೋರಿಸುತ್ತಲೇ ಇತ್ತು.

ನಮ್ಮ ಮೊಬೈಲ್ ಸ್ಟಾರ್ಟರುಗಳು ಅದಕ್ಕಿಂತ ಸರಳ. ಕರೆ ಮಾಡಿದವರ ನಂಬರನ್ನೇ ಗುರುತಿನ ಚೀಟಿಯೆಂದು ಒಪ್ಪುವ ಮಾದರಿಗಳೇ ಹೆಚ್ಚು. ನಂಬರನ್ನು ನಕಲು ಮಾಡಿ ಕರೆ ಮಾಡುವುದು ಎಷ್ಟು ಸಾಮಾನ್ಯ ಎಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. ವಿದೇಶದಿಂದ ಬಂದು ಭಾರತದ ನಂಬರಿನಂತೆ ತೋರುವ ಕರೆಗಳನ್ನು ತಡೆಯುವ ವ್ಯವಸ್ಥೆಯನ್ನು ದೂರಸಂಪರ್ಕ ಇಲಾಖೆ 2024ರ ಅಕ್ಟೋಬರಿನಲ್ಲಿ ಚಾಲೂ ಮಾಡಿದಾಗ ಮೊದಲ 24 ಗಂಟೆಯಲ್ಲಿ ಸಿಕ್ಕಿಬಿದ್ದವು 1.35 ಕೋಟಿ. ಜೊತೆಗೆ 2ಜಿಯ ಒಂದು ಹುಟ್ಟುದೋಷವಿದೆ. ಅದರಲ್ಲಿ ಫೋನು ತಾನು ಯಾರೆಂದು ಟವರಿಗೆ ರುಜುವಾತು ಮಾಡಬೇಕು, ಟವರು ಮಾಡಬೇಕಿಲ್ಲ. ಹಾಗಾಗಿ ಸುಳ್ಳು ಟವರನ್ನೂ ಪೆಟ್ಟಿಗೆ ನಂಬಿಬಿಡುತ್ತದೆ.

ಸಾವಿರಾರು ಮೋಟರುಗಳನ್ನು ಯಾರಾದರೂ ಒಟ್ಟಿಗೆ ಚಾಲೂ, ಬಂದ್ ಮಾಡಿದರೆ? ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಇದೇ ಪ್ರಶ್ನೆಯನ್ನು ಏಸಿ, ಹೀಟರುಗಳ ವಿಷಯದಲ್ಲಿ ಕೇಳಿ, ಹೆಚ್ಚು ವಿದ್ಯುತ್ ಎಳೆಯುವ ಸಾಧನಗಳ ಸೈನ್ಯದಿಂದ ವಿದ್ಯುತ್ ಜಾಲವನ್ನು ಅಲ್ಲಾಡಿಸಬಹುದೆಂದು ಮಾದರಿ ಲೆಕ್ಕದಲ್ಲಿ ತೋರಿಸಿದರು. ನಮ್ಮ ಲೆಕ್ಕವನ್ನು ಉಬ್ಬಿಸದೆ ನೋಡೋಣ. ಐದು ಎಚ್‌ಪಿಯ ಹತ್ತು ಸಾವಿರ ಪಂಪು ಅಂದರೆ ಸುಮಾರು 37 ಮೆಗಾವ್ಯಾಟ್. ಕರ್ನಾಟಕದ ಬೇಸಿಗೆಯ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟಿನ ಆಸುಪಾಸು, ಅದಕ್ಕೆ ಇದು ಸೊಳ್ಳೆ ಕಡಿದಂತೆ. ಆದರೆ ಆ ಪಂಪುಗಳೆಲ್ಲ ಒಂದೆರಡು ತಾಲ್ಲೂಕಿನಲ್ಲಿ ಒಂದೇ ಮಾದರಿಯ ಪೆಟ್ಟಿಗೆ ಹೊತ್ತು ಕೂತಿದ್ದರೆ, ಏಳುವಾಗ ಆ ಅಂಕಿಯ ಐದಾರು ಪಟ್ಟು ಎಳೆಯುತ್ತವೆ. ರಾಜ್ಯ ಕತ್ತಲಾಗುವುದಿಲ್ಲ. ಹೊಡೆತ ಬೀಳುವುದು ಊರಿನ ಸಬ್‌ಸ್ಟೇಷನ್ನಿಗೆ.

ಸ್ಮಾರ್ಟ್ ಮೀಟರಿನಲ್ಲಿ ಇದೇ ಸಂಗತಿ ಇನ್ನೊಂದು ರೂಪದಲ್ಲಿದೆ. ದಾವಣಗೆರೆ ಜಿಲ್ಲೆ ಬೆಸ್ಕಾಂ ವ್ಯಾಪ್ತಿಯದು. ಬೆಸ್ಕಾಂ 2025ರ ಫೆಬ್ರುವರಿಯಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದಾಗ ಎದ್ದ ಗಲಾಟೆ ಬಹುತೇಕ ಬೆಲೆಯದು, ಅದು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಬೆಲೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮನೆ ಸಂಪರ್ಕದ ಸ್ಮಾರ್ಟ್ ಮೀಟರಿನೊಳಗೆ ದೂರದಿಂದ ಕರೆಂಟ್ ಕಡಿಯುವ ಒಂದು ಸ್ವಿಚ್ ಇರುತ್ತದೆ, ಅದನ್ನು ಆಡಿಸುವುದು ಫರ್ಮ್‌ವೇರ್. ಕೇಂಬ್ರಿಜ್‌ನ ಭದ್ರತಾ ತಜ್ಞ ರಾಸ್ ಆ್ಯಂಡರ್ಸನ್ ಮತ್ತು ಶೈಲೇಂದ್ರ ಫುಲೋರಿಯಾ 2010ರಲ್ಲೇ ಒಂದು ಪ್ರಬಂಧ ಬರೆದು, ಈ ಸ್ವಿಚ್ಚಿನ ಹಿಡಿತ ಯಾರದು ಎಂದು ಕೇಳಿದ್ದರು. ದೇಶದಲ್ಲಿ ಇಂಥ 25 ಕೋಟಿ ಮೀಟರ್ ಕೂರಿಸುವ ಗುರಿಯಿದೆ. ಹಿಡಿತದ ಪ್ರಶ್ನೆ ನಮ್ಮಲ್ಲಿ ಇನ್ನೂ ಬೆಲೆಯ ಪ್ರಶ್ನೆಯಷ್ಟು ಜೋರಾಗಿ ಕೇಳಿಬಂದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಮಳೆಮಾಪಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯ್ತಿ ಮಟ್ಟದವರೆಗೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳನ್ನು ಕೂರಿಸಿದೆ. ಸೋಲಾರ್ ಫಲಕದಿಂದ ಓಡುತ್ತ, 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಅಂಕಿ ಕಳಿಸುವ ಈ ಜಾಲ ದೇಶಕ್ಕೇ ಮಾದರಿ ಎನ್ನಿಸಿಕೊಂಡಿದೆ, ಅದು ಅತಿಶಯೋಕ್ತಿಯಲ್ಲ. ಅಡಿಕೆಯ ಹವಾಮಾನ ಆಧಾರಿತ ಬೆಳೆ ವಿಮೆಯ ಲೆಕ್ಕ ನಿಲ್ಲುವುದು ಈ ಅಂಕಿಗಳ ಮೇಲೆ. ಚನ್ನಗಿರಿಯ ಬೆಳೆಗಾರನ ಖಾತೆಗೆ ವಿಮೆ ಹಣ ಬರುತ್ತದೋ ಇಲ್ಲವೋ ಎಂಬುದು ಅವನ ಪಂಚಾಯ್ತಿಯ ಮಾಪಕ ಎಷ್ಟು ಮಿಲಿಮೀಟರ್ ಎಂದು ಹೇಳಿತು ಎಂಬುದರಿಂದ ತೀರ್ಮಾನವಾಗುತ್ತದೆ.

ಇಂಥ ಮಾಪಕದ ಒಳಗೆ ಸಾಮಾನ್ಯವಾಗಿ ತೊಟ್ಟಿಲಿನಂತೆ ಅತ್ತಿತ್ತ ವಾಲುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದ ಕೂಡಲೇ ವಾಲಿ ಖಾಲಿಯಾಗುತ್ತದೆ, ಇನ್ನೊಂದು ಕೊಳವೆಯ ಕೆಳಗೆ ಬರುತ್ತದೆ. ಒಂದು ವಾಲುವಿಕೆ 0.2 ಮಿಲಿಮೀಟರ್ ಮಳೆಗೆ ಸಮ ಎಂದುಕೊಳ್ಳಿ. ವಾಲುವಾಗ ಒಂದು ಅಯಸ್ಕಾಂತ ಪುಟ್ಟ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ, ಸ್ವಿಚ್ ಒಮ್ಮೆ ಕೂಡುತ್ತದೆ, ಫರ್ಮ್‌ವೇರ್ ‘ಒಂದು’ ಎಂದು ಎಣಿಸುತ್ತದೆ. ಆದರೆ ಲೋಹದ ಸ್ವಿಚ್ ಒಂದೇ ಏಟಿಗೆ ಕೂಡುವುದಿಲ್ಲ. ಬಾಗಿಲು ಜೋರಾಗಿ ತಳ್ಳಿದಾಗ ಚೌಕಟ್ಟಿಗೆ ಬಡಿದು ಅದುರುವಂತೆ, ಕೆಲವು ಮಿಲಿಸೆಕೆಂಡ್ ತಟತಟನೆ ಕೂಡಿ ಬಿಡುತ್ತದೆ. ‘ಮೊದಲ ತಟ್ಟಿನ ನಂತರ ಇಷ್ಟು ಹೊತ್ತು ಬಂದದ್ದನ್ನು ಎಣಿಸಬೇಡ’ ಎಂದು ಫರ್ಮ್‌ವೇರಿನಲ್ಲಿ ಬರೆದಿರಬೇಕು. ಆ ಅವಧಿ ತೀರ ಕಿರಿದಾದರೆ ಒಂದು ವಾಲುವಿಕೆ ಎರಡಾಗುತ್ತದೆ. ಸ್ವಿಚ್ ಹಳತಾಗಿ ಅದುರುವ ಕಾಲ ಬದಲಾದರೆ, ಮೊದಲು ಸರಿಯಿದ್ದ ಅವಧಿಯೇ ಮುಂದೆ ಸಾಲದೆ ಹೋಗಬಹುದು. ಹತ್ತರಲ್ಲಿ ಒಂದು ಎರಡು ಸಲ ಎಣಿಕೆಯಾದರೂ ಶೇಕಡ 10ರಷ್ಟು ಮಳೆ ಕಾಗದದ ಮೇಲೆ ಹೆಚ್ಚಾಗುತ್ತದೆ. ಮಳೆ ಕೊರತೆಯ ಪರಿಹಾರಕ್ಕೆ ಕಾದವನಿಗೆ ಆ ಹೆಚ್ಚುವರಿ ಮಳೆ ನಷ್ಟವೇ.

ನಮ್ಮ ಮಾಪಕಗಳು ಹೀಗೆ ತಪ್ಪು ಎಣಿಸುತ್ತಿವೆ ಎಂದು ನಾನು ಹೇಳುತ್ತಿಲ್ಲ. ಎಣಿಸುತ್ತಿಲ್ಲ ಎಂದು ಹೊರಗಿನವರು ಪರೀಕ್ಷಿಸಬೇಕಾದರೆ ಆ ಸಾಲು ಓದಲು ಸಿಗಬೇಕು. ತೂಕದ ಯಂತ್ರಕ್ಕೆ, ಪೆಟ್ರೋಲ್ ಬಂಕಿನ ಮೀಟರಿಗೆ ಕಾನೂನುಮಾಪನ ಇಲಾಖೆಯ ಸೀಲು ಇರುತ್ತದೆ. 2017ರಲ್ಲಿ ಉತ್ತರ ಪ್ರದೇಶದ ಪೊಲೀಸರು ಲಖನೌದ ಬಂಕುಗಳ ಮೇಲೆ ದಾಳಿ ಮಾಡಿದಾಗ, ಅಳತೆ ಕಡಿಮೆ ಮಾಡುವ ಚಿಪ್ಪುಗಳು ಯಂತ್ರಗಳ ಒಳಗೇ ಸಿಕ್ಕವು, ರಿಮೋಟಿನಿಂದ ಆಡಿಸುವಂಥವು. ಸೀಲು ಕಾಯುವುದು ಮುಚ್ಚಳವನ್ನು. ಒಳಗೆ ಲೆಕ್ಕ ಮಾಡುತ್ತಿರುವುದು ಏನು ಎಂದು ಹೇಳುವ ಸಾಮರ್ಥ್ಯ ಅರಗಿಗಾಗಲಿ ತಂತಿಗಾಗಲಿ ಇಲ್ಲ.

ಇನ್ನು ಕೆಲವು ಕೆಡುಕುಗಳಿಗೆ ತಾರೀಖೇ ಗೊತ್ತಾಗಿದೆ. ಹಳೆಯ ಎಷ್ಟೋ ಸಾಧನಗಳು ಕಾಲವನ್ನು 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳಾಗಿ, 32 ಬಿಟ್‌ಗಳ ಖಾನೆಯಲ್ಲಿ ಎಣಿಸುತ್ತವೆ. ಆ ಖಾನೆಯಲ್ಲಿ ಹಿಡಿಯುವ ಅತಿ ದೊಡ್ಡ ಅಂಕಿ 2,14,74,83,647. ಅದು ತುಂಬುವುದು 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಅಂಥ ಯಂತ್ರ 1901ಕ್ಕೆ ಹೋಗುತ್ತದೆ. ಇದು ಬರೀ ಪುಸ್ತಕದ ಭಯವಲ್ಲ. ಜಿಪಿಎಸ್ ಉಪಗ್ರಹಗಳು ವಾರಗಳನ್ನು 1023ರವರೆಗೆ ಎಣಿಸಿ ಸೊನ್ನೆಗೆ ಮರಳುತ್ತವೆ. 2019ರ ಏಪ್ರಿಲ್ 6ರಂದು ಹಾಗೆ ಮರಳಿದಾಗ ನ್ಯೂಯಾರ್ಕ್ ನಗರಾಡಳಿತದ ನಿಸ್ತಂತು ಜಾಲ ದಿನಗಟ್ಟಲೆ ಮಲಗಿತು. ಆ ತಾರೀಖು ಬರುವುದು ಎಲ್ಲರಿಗೂ ವರ್ಷಗಳ ಮೊದಲೇ ಗೊತ್ತಿತ್ತು.

ಮುಕ್ತ ತಂತ್ರಾಂಶ ಇದಕ್ಕೆ ಮದ್ದೇ? ಅರ್ಧ ಮದ್ದು. 2003ರಲ್ಲಿ ಲಿಂಕ್‌ಸಿಸ್ ಕಂಪನಿಯ ರೂಟರ್ ಒಂದರಲ್ಲಿ ಲಿನಕ್ಸ್ ಇರುವುದು ಪತ್ತೆಯಾಗಿ, ಪರವಾನಗಿಯ ಷರತ್ತಿನಂತೆ ಮೂಲ ಕೋಡನ್ನು ಕಂಪನಿ ಹೊರಗಿಡಬೇಕಾಯಿತು. ಅದರಿಂದ ಹುಟ್ಟಿದ ಓಪನ್‌ಡಬ್ಲ್ಯುಆರ್‌ಟಿ ಯೋಜನೆ, ತಯಾರಕರು ಕೈಬಿಟ್ಟ ನೂರಾರು ಮಾದರಿಯ ರೂಟರುಗಳಿಗೆ ಎರಡು ದಶಕಗಳಿಂದ ಜೀವ ಕೊಡುತ್ತಿದೆ. ಆದರೆ 4 ಎಂಬಿ ಸ್ಮೃತಿಯ ಹಳೆಯ ರೂಟರುಗಳನ್ನು ಅದೂ ಕೈಬಿಟ್ಟಿತು, ಹೊಸ ಕೋಡು ಅಷ್ಟರಲ್ಲಿ ಹಿಡಿಯಲಿಲ್ಲ. ಮುಚ್ಚಿದ ಕೋಡಿನ ಕಥೆ ಇದಕ್ಕಿಂತ ಕಷ್ಟದ್ದು. ಟ್ರೆಕ್ ಎಂಬ ಸಣ್ಣ ಕಂಪನಿಯ ನೆಟ್‌ವರ್ಕ್ ತಂತ್ರಾಂಶದಲ್ಲಿ 19 ದೋಷಗಳಿರುವುದು 2020ರಲ್ಲಿ ಬಯಲಾದಾಗ, ಅದು ಪ್ರಿಂಟರಿನಿಂದ ಹಿಡಿದು ಆಸ್ಪತ್ರೆಯ ಪಂಪಿನವರೆಗೆ ಕೋಟ್ಯಂತರ ಸಾಧನಗಳಲ್ಲಿ ಹುದುಗಿತ್ತು. ಯಾವ ಯಾವುದರಲ್ಲಿ ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು. ಬಿಸ್ಕತ್ತಿನ ಪೊಟ್ಟಣದ ಮೇಲಿರುವಂಥ ಸಾಮಗ್ರಿಪಟ್ಟಿ ಆ ಯಂತ್ರಗಳಿಗೆ ಇರಲಿಲ್ಲ.

ತೆರೆದಿಟ್ಟ ಮಾತ್ರಕ್ಕೆ ಕೋಡು ಆರೋಗ್ಯವಾಗಿರುವುದಿಲ್ಲ ಎಂಬುದನ್ನು 2024ರ ಮಾರ್ಚ್ ಕಲಿಸಿತು. ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶವನ್ನು ವರ್ಷಗಳಿಂದ ಹೆಚ್ಚುಕಡಿಮೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಅವರಿಗೆ ನೆರವಾಗುವ ನೆಪದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಅಜ್ಞಾತನೊಬ್ಬ ಅದರೊಳಗೆ ಕಳ್ಳಬಾಗಿಲು ಕೂರಿಸಿದ. ತಾನು ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ತಲೆ ಕೆಡಿಸಿಕೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿನಿಂದ ಅದು ಸಿಕ್ಕಿಬಿತ್ತು. ಕೋಡು ಮುಕ್ತವಾಗಿದ್ದುದರಿಂದಲೇ ಅವರು ಆಳಕ್ಕಿಳಿದು ನೋಡಲು ಸಾಧ್ಯವಾಯಿತು, ನಿಜ. ನೋಡಿಕೊಳ್ಳುವವರು ಒಬ್ಬಂಟಿಯಾಗಿದ್ದುದರಿಂದಲೇ ಕಳ್ಳ ಒಳಗೆ ಬಂದ, ಅದೂ ನಿಜ.

ಮೂಲ ಕೋಡು ಸಿಕ್ಕರೂ ಇನ್ನೊಂದು ಬೀಗ ಉಳಿಯುತ್ತದೆ. ಈಚಿನ ಹಲವು ಚಿಪ್ಪುಗಳು ತಯಾರಕರ ಡಿಜಿಟಲ್ ಸಹಿ ಇಲ್ಲದ ಫರ್ಮ್‌ವೇರನ್ನು ಓಡಿಸುವುದಿಲ್ಲ. ಕಳ್ಳರನ್ನು ತಡೆಯಲು ಇದು ಬೇಕು. ಆದರೆ ಸಹಿಯ ಕೀಲಿ ಹೊತ್ತ ಕಂಪನಿ ಮುಚ್ಚಿದರೆ ಕೀಲಿಯೂ ಅದರ ಜೊತೆ ಹೋಗುತ್ತದೆ, ತಿದ್ದಿದ ಕೋಡು ಕೈಯಲ್ಲಿದ್ದರೂ ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಕೋಡು, ಅದನ್ನು ಕಟ್ಟುವ ಸಲಕರಣೆ, ಸಹಿಯ ಕೀಲಿ ಮೂರೂ ಒಟ್ಟಿಗೆ ಸಿಗದಿದ್ದರೆ ‘ಓಪನ್ ಸೋರ್ಸ್’ ಎಂಬ ಚೀಟಿಗೆ ಅರ್ಥವಿಲ್ಲ.

ಕರ್ನಾಟಕಕ್ಕೆ ಮುಕ್ತ ವಿನ್ಯಾಸ ಹೊಸ ವಿಚಾರವೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಸೇರಿ ಲಿನಕ್ಸ್ ಮೇಲೆ ಕಟ್ಟಿದ ಅಂಗೈ ಕಂಪ್ಯೂಟರ್ ಸಿಂಪ್ಯೂಟರ್ 2000ರ ದಶಕದ ಮೊದಲಾರ್ಧದಲ್ಲಿ ಮಾರುಕಟ್ಟೆಗೆ ಬಂತು. ಅದರ ಯಂತ್ರಾಂಶದ ವಿನ್ಯಾಸಕ್ಕೂ ಮುಕ್ತ ಪರವಾನಗಿ ಇತ್ತು. ನಮ್ಮ ರಾಜ್ಯದ ಭೂದಾಖಲೆ ಕೆಲಸದಲ್ಲೂ ಅದನ್ನು ಬಳಸಿ ನೋಡಿದರು. ಕೆಲವೇ ಸಾವಿರ ಮಾರಾಟವಾಗಿ ಅದು ಕಣ್ಮರೆಯಾಯಿತು. ವಿನ್ಯಾಸ ಮುಕ್ತವಾಗಿತ್ತು, ಮುಂದುವರಿಸುವ ಸಂಸ್ಥೆ ಉಳಿಯಲಿಲ್ಲ.

ಕಾನೂನು ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2027ರ ಡಿಸೆಂಬರ್ 11ರಿಂದ ಪೂರ್ತಿ ಜಾರಿಗೆ ಬರಲಿದೆ. ಅದರಂತೆ ಡಿಜಿಟಲ್ ಸಾಧನ ಮಾರುವವರು ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ತಿದ್ದುಪಡಿ ಕೊಡಬೇಕು. ಭಾರತದಲ್ಲಿ 2025ರ ಏಪ್ರಿಲಿನಿಂದ ಇಂಟರ್‌ನೆಟ್ಟಿಗೆ ಜೋಡಿಸುವ ಸಿಸಿ ಕ್ಯಾಮೆರಾಗಳ ಯಂತ್ರಾಂಶ, ತಂತ್ರಾಂಶ, ಮೂಲ ಕೋಡು ಸರ್ಕಾರ ಮಾನ್ಯ ಮಾಡಿದ ಪ್ರಯೋಗಾಲಯದಲ್ಲಿ ಪರೀಕ್ಷೆಯಾಗಬೇಕು. ಕ್ಯಾಮೆರಾಕ್ಕೆ ಬಂದ ಆ ನಿಯಮ ಪಂಪ್‌ಶೆಡ್ಡಿನ ಬಾಗಿಲು ದಾಟಿಲ್ಲ. ಕೇಂದ್ರ ಸರ್ಕಾರಕ್ಕೆ 2015ರಿಂದ ಮುಕ್ತ ತಂತ್ರಾಂಶ ನೀತಿಯೊಂದಿದೆ, ಅದು ಮಾತಾಡುವುದು ಇ-ಆಡಳಿತದ ತಂತ್ರಾಂಶಗಳ ಬಗ್ಗೆ.

ಕೈಗೆಟುಕುವ ಕೆಲಸಗಳಿವೆ. ಸಹಾಯಧನದಲ್ಲಿ ಕೊಡುವ, ಟೆಂಡರಿನಲ್ಲಿ ಕೊಳ್ಳುವ ಪ್ರತಿ ಸಾಧನದ ಕೋಡು, ಸಾಮಗ್ರಿಪಟ್ಟಿ ಮತ್ತು ಕೀಲಿಯನ್ನು ಮೂರನೆಯವರ ಬಳಿ ಠೇವಣಿ ಇಡಬೇಕು, ಕಂಪನಿ ಕೈಬಿಟ್ಟ ದಿನ ಅದು ತೆರೆದುಕೊಳ್ಳಬೇಕು ಎಂಬ ಒಂದು ಷರತ್ತು ಸಾಕು. ಚನ್ನಗಿರಿಯ ತುಮ್ಕೋಸ್‌ನಂಥ ದೊಡ್ಡ ಅಡಿಕೆ ಸಹಕಾರ ಸಂಘಗಳು ತಮ್ಮ ಸದಸ್ಯರ ಪರವಾಗಿ ಒಟ್ಟಾಗಿ ಸ್ಟಾರ್ಟರ್ ಖರೀದಿಸುವುದಾದರೆ ಇದೇ ಷರತ್ತು ಹಾಕುವ ಬಲ ಅವಕ್ಕಿದೆ, ಒಬ್ಬ ರೈತನಿಗಿಲ್ಲ. ದಾವಣಗೆರೆಯ ಯುಬಿಡಿಟಿ, ಬಿಐಇಟಿ ಕಾಲೇಜುಗಳಲ್ಲಿ ಇಂಥ ಕೋಡನ್ನು ಓದಿ ತಿದ್ದಬಲ್ಲ ಮಕ್ಕಳು ಪ್ರತಿ ವರ್ಷ ಬರುತ್ತಾರೆ. ಅವರು ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ ಎಂಬುದೂ ನೆನಪಿರಲಿ. ಹತ್ತು ವರ್ಷದ ಪೆಟ್ಟಿಗೆಯನ್ನು ವಿದ್ಯಾರ್ಥಿಗಳ ಉತ್ಸಾಹದ ಮೇಲೆ ನಿಲ್ಲಿಸಲಾಗದು. ಸಂಬಳಕ್ಕೆ ಕೂತು ನೋಡಿಕೊಳ್ಳುವ ಇಬ್ಬರು ಮೂವರು ಬೇಕು. ಜಿಲ್ಲೆಯಲ್ಲಿ ವರ್ಷಕ್ಕೆ ಸುಡುವ ಟಿಸಿಗಳ ರಿಪೇರಿ ಬಿಲ್ಲಿನ ಪಕ್ಕದಲ್ಲಿಟ್ಟು ನೋಡಿದರೆ ಅದು ದೊಡ್ಡ ಖರ್ಚಲ್ಲ ಎಂಬುದು ನನ್ನ ಅಂದಾಜು.

ಮಾವ ಈಗ ಸೊಸೆಯ ಫೋನಿನಿಂದ ರಿಂಗ್ ಕೊಡುತ್ತಾರೆ, ಅವಳ ನಂಬರ್ 9ರಿಂದ ಶುರುವಾಗುತ್ತದೆ. ನೀವು ಮುಂದಿನ ಸಲ ಸ್ಟಾರ್ಟರ್ ಕೊಳ್ಳಲು ಅಂಗಡಿಗೆ ಹೋದಾಗ ವಾರಂಟಿ ಎಷ್ಟು ವರ್ಷ ಎಂದು ಕೇಳಿಯೇ ಕೇಳುತ್ತೀರಿ. ಅದರ ಜೊತೆ ಒಳಗಿನ ಪ್ರೋಗ್ರಾಂ ಎಷ್ಟು ವರ್ಷ ತಿದ್ದಿಕೊಡುತ್ತೀರಿ, ನೀವು ಅಂಗಡಿ ಮುಚ್ಚಿದರೆ ಅದು ಯಾರ ಕೈಗೆ ಹೋಗುತ್ತದೆ ಎಂದೂ ಕೇಳಿ. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.